ಮಿಸಿಸಿಪ್ಪಿ ದಡದ ಮಣ್ಣಿನ ನಗರ

ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ಸೇತುವೆ ದಾಟಿ ಇಲಿನಾಯ್ ಕಡೆ ಹೊರಟರೆ ಕಹೋಕಿಯಾ ದೂರವೇನಲ್ಲ. ರಸ್ತೆಯ ಎಡಕ್ಕೆ ಹಸಿರು ಗುಡ್ಡವೊಂದು ಎದ್ದು ಕಂಡಿತು. ಹೊಳೆ ಮೆಕ್ಕಲು ತಂದು ಹರಡಿದ ಚಪ್ಪಟೆ ಬಯಲು ಅದು. ಅಲ್ಲಿ ಗುಡ್ಡ ತಾನಾಗಿ ಹುಟ್ಟುವಂತಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಜನ ಕಟ್ಟಿ ನಿಲ್ಲಿಸಿದ ದಿಬ್ಬವಿದು, ಮಾಂಕ್ಸ್ ಮೌಂಡ್.

ಎತ್ತರ 30 ಮೀಟರ್, ತಳದ ವಿಸ್ತಾರ 5 ಹೆಕ್ಟೇರಿಗೂ ಹೆಚ್ಚು. ಕಟ್ಟಿದವರ ಬಳಿ ಗಾಡಿ ಇರಲಿಲ್ಲ, ಎತ್ತು ಕುದುರೆಗಳೂ ಇರಲಿಲ್ಲ. ಕಲ್ಲಿನ ಅಲಗಿನ ಗುದ್ದಲಿಯಿಂದ ಅಗೆದು, ಬುಟ್ಟಿಗೆ ತುಂಬಿ, ಹೊತ್ತು ತಂದು ಸುರಿದ ಮಣ್ಣು ಸುಮಾರು 6 ಲಕ್ಷ ಘನ ಮೀಟರ್. ಇಲ್ಲಿನ ದಿಬ್ಬಗಳನ್ನು ಉತ್ಖನನಕಾರರು ಕೊಯ್ದು ನೋಡಿದಾಗ ಒಳಗೋಡೆಯಲ್ಲಿ ಬಣ್ಣಬಣ್ಣದ ತೇಪೆಗಳು ಕಂಡವು: ಇಲ್ಲೊಂದು ಕಪ್ಪು, ಪಕ್ಕದಲ್ಲಿ ಹಳದಿ, ಅದರ ಮೇಲೆ ಬೂದು. ಒಂದೊಂದು ತೇಪೆಯೂ ಯಾರೋ ಒಬ್ಬರು ತಲೆಯ ಮೇಲಿಂದಲೋ ಬೆನ್ನ ಮೇಲಿಂದಲೋ ಇಳಿಸಿದ ಒಂದು ಬುಟ್ಟಿ ಮಣ್ಣು. ಅಗೆದ ಗುಂಡಿಗಳು ಇಂದಿಗೂ ಹೊಂಡಗಳಾಗಿ ನೀರು ಹಿಡಿದಿವೆ. ನಮ್ಮ ಹಳೆಯ ಕೆರೆಗಳ ಏರಿಯ ಮೇಲೆ ನಿಂತಾಗ ಹುಟ್ಟುವ ಗೌರವವೇ ಇಲ್ಲೂ ಹುಟ್ಟಿತು.

ಮೆಟ್ಟಿಲು ಹತ್ತಿ ನೆತ್ತಿ ತಲುಪಿದರೆ ಗಾಳಿ ಬಲವಾಗಿತ್ತು. ಪಶ್ಚಿಮಕ್ಕೆ ಸೇಂಟ್ ಲೂಯಿಸ್‌ನ ಉಕ್ಕಿನ ಕಮಾನು. ದಕ್ಷಿಣಕ್ಕೆ, ಕೆಳಗೆ, ಉಬ್ಬುತಗ್ಗು ತೆಗೆದು ಮಟ್ಟಸ ಮಾಡಿದ ವಿಶಾಲ ಚೌಕ. ಕ್ರಿ.ಶ. 1100ರ ಹೊತ್ತಿಗೆ ಈ ಸುತ್ತಿನಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನ ಇದ್ದರೆಂದು ಅಂದಾಜು. ಮೆಕ್ಸಿಕೊದ ಉತ್ತರಕ್ಕೆ ಆ ಕಾಲದಲ್ಲಿ ಇಷ್ಟು ದೊಡ್ಡ ಊರು ಬೇರೊಂದಿರಲಿಲ್ಲ. ಮುಸುಕಿನ ಜೋಳ ಬೆಳೆದು ಉಂಡ ಊರು. ಸುಪೀರಿಯರ್ ಸರೋವರದ ಕಡೆಯಿಂದ ತಾಮ್ರ, ಮೆಕ್ಸಿಕೊ ಕೊಲ್ಲಿಯಿಂದ ಶಂಖ ತರಿಸಿಕೊಂಡ ಊರು. 1350ರ ಸುಮಾರಿಗೆ ಬರಿದಾಯಿತು. ಕೊಲಂಬಸ್ ಆಗಿನ್ನೂ ಹುಟ್ಟಿರಲಿಲ್ಲ.

ಚೌಕ ದಾಟಿ ದಕ್ಷಿಣಕ್ಕೆ ನಡೆದರೆ 72ನೇ ದಿಬ್ಬ. ತಗ್ಗಾಗಿದೆ, ಯಾರೂ ತಿರುಗಿ ನೋಡುವಂತಿಲ್ಲ. 1967ರಿಂದ ಪುರಾತತ್ವಜ್ಞ ಮೆಲ್ವಿನ್ ಫೌಲರ್ ಇಲ್ಲಿ ಅಗೆಸಿದಾಗ, ಹಕ್ಕಿಯ ಆಕಾರದಲ್ಲಿ ಹಾಸಿದ್ದ ಸುಮಾರು 20,000 ಶಂಖದ ಮಣಿಗಳ ಮೇಲೆ ಒಂದು ದೇಹ ಸಿಕ್ಕಿತು. ಅದೇ ದಿಬ್ಬದ ಒಂದು ಗುಂಡಿಯಲ್ಲಿ ಐವತ್ತಕ್ಕೂ ಹೆಚ್ಚು ಯುವತಿಯರು ಸಾಲಾಗಿ ಮಲಗಿದ್ದರು, ಬಲಿಯಾದವರು. ಈ ನಗರವನ್ನು ಮೆಚ್ಚುವವರು ಈ ಗುಂಡಿಯನ್ನು ಬಿಟ್ಟು ಮಾತಾಡಬಾರದು.

ನನ್ನನ್ನು ಹೆಚ್ಚು ಕೆರಳಿಸಿದ್ದು ಆಮೇಲಿನ ಕಥೆ. ದಿಬ್ಬಗಳನ್ನು ಕಟ್ಟಿದ್ದು ಅಳಿದುಹೋದ ಬೇರಾವುದೋ ಜನಾಂಗವೇ ಹೊರತು ಇಲ್ಲಿನ ಮೂಲನಿವಾಸಿಗಳ ಪೂರ್ವಜರಲ್ಲ ಎಂದು 19ನೇ ಶತಮಾನದ ಬಿಳಿಯರಲ್ಲಿ ಬಹುಮಂದಿ ನಂಬಿದ್ದರು. 1830ರ ಕಾಯಿದೆ ಹಿಡಿದು ಮೂಲನಿವಾಸಿಗಳನ್ನು ನೆಲದಿಂದ ಎಬ್ಬಿಸುತ್ತಿದ್ದವರಿಗೆ ಈ ನಂಬಿಕೆ ಎಷ್ಟು ಅನುಕೂಲ! ದಿಬ್ಬಗಳನ್ನು ಅಧ್ಯಯನ ಮಾಡಿದ ಸೈರಸ್ ಥಾಮಸ್ ತಮ್ಮ ವರದಿಯಲ್ಲಿ ಇದನ್ನು ಸಾಕ್ಷಿಸಮೇತ ತಳ್ಳಿಹಾಕಿದ್ದು 1894ರಲ್ಲಿ. ಅಷ್ಟರಲ್ಲಿ ಸೇಂಟ್ ಲೂಯಿಸ್ ತನ್ನ ದೊಡ್ಡ ದಿಬ್ಬವನ್ನು 1869ರಲ್ಲೇ ನೆಲಸಮ ಮಾಡಿ, ಅದರ ಮಣ್ಣನ್ನು ರೈಲು ಹಳಿಯ ಕೆಳಗೆ ತುಂಬಿಯಾಗಿತ್ತು.

ಆ ನಗರದಲ್ಲಿ ಉಳಿದಿರುವುದು ಶುಗರ್‌ಲೋಫ್ ದಿಬ್ಬವೊಂದೇ. ಸಂಜೆ ಅಲ್ಲಿಗೂ ಹೋದೆ. ಒಂದು ಪಕ್ಕ ಹೆದ್ದಾರಿ, ಇನ್ನೊಂದು ಪಕ್ಕ ಹೊಳೆ. ನೆತ್ತಿಯ ಮೇಲೆ ಯಾರೋ ಮನೆ ಕಟ್ಟಿಕೊಂಡಿದ್ದರಂತೆ. ಈ ದಿಬ್ಬಗಳು ತಮ್ಮ ಹಿರಿಯರವು ಎನ್ನುವ, ಒಕ್ಲಹೋಮಾಕ್ಕೆ ದಬ್ಬಿಸಿಕೊಂಡ ಓಸೇಜ್ ಜನ 2009ರಲ್ಲಿ ಆ ಜಾಗವನ್ನು ಹಣ ಕೊಟ್ಟು ಕೊಂಡರು, ಮುಂದೆ ಮನೆಯನ್ನು ಕೆಡವಿಸಿದರು.