ಕಲ್ಲು ಕಟ್ಟಿದ ನಾಳದೊಳಗೆ

ಹೊಟ್ಟೆ ತೆರೆದಾಗಿದೆ. ಜಠರವನ್ನು ಮೇಲಕ್ಕೆತ್ತಿ ಹಿಡಿದಿದ್ದಾರೆ, ದೊಡ್ಡ ಕರುಳನ್ನು ಕೆಳಕ್ಕೆ ಸರಿಸಿದ್ದಾರೆ. ಬೆನ್ನೆಲುಬಿಗೆ ಅಡ್ಡಲಾಗಿ ಮಲಗಿರುವ ಮೇದೋಜ್ಜೀರಕ ಗ್ರಂಥಿಯ ಮೇಲೆ ಸರ್ಜನ್ನರ ಬೆರಳು ತಡಕಾಡುತ್ತಿದೆ. ಮೆತ್ತಗಿರಬೇಕಾದ ಗ್ರಂಥಿ ಇಲ್ಲಿ ಬಿಳಿಚಿ, ಗಟ್ಟಿಯಾಗಿ ಸೆಟೆದಿದೆ. ಒತ್ತಿದರೆ ಒಳಗೆ ಕಲ್ಲಿಗೆ ಕಲ್ಲು ತಾಗುತ್ತದೆ. ಅದರ ಬೆನ್ನಿಗಂಟಿಕೊಂಡೇ ಗುಲ್ಮದಿಂದ ಬರುವ ದಪ್ಪ ರಕ್ತನಾಳ. ಗ್ರಂಥಿಯ ಕತ್ತಿನ ಹಿಂದೆ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ವೇನ್. ಅದರ ತಲೆಯ ಭಾಗದೊಳಗಿಂದಲೇ ಹಾದುಹೋಗುವ ಪಿತ್ತನಾಳ. ಕತ್ತರಿ ಎಲ್ಲಿ ಜಾರಿದರೂ ಅನಾಹುತ.

ಮೇಜಿನ ಮೇಲಿರುವವನು 24ರ ಹುಡುಗ, ಕೇರಳದವನು. ಹೆಸರು ಬೇಡ. ಇದೇ ಕಲ್ಲು ಹೊತ್ತ ಅನೇಕರ ಪಾಡನ್ನು ಒಬ್ಬನಲ್ಲಿ ಕೂಡಿಸಿ ಹೇಳುತ್ತಿದ್ದೇನೆ. ನೋವು ಶುರುವಾದಾಗ ಅವನಿನ್ನೂ ಶಾಲೆಯಲ್ಲಿದ್ದ. ಎದೆಗೂಡಿನ ಕೆಳಗೆ ಹುಟ್ಟಿ ನೇರ ಬೆನ್ನಿಗೆ ತೂರುವ ನೋವು. ಅಂಗಾತ ಮಲಗಿದರೆ ಜೀವ ಹೋಗುತ್ತದೆ, ಮಂಡಿ ಎದೆಗವಚಿ ಮುಂದಕ್ಕೆ ಬಾಗಿ ಕೂತರೆ ತುಸು ಕಡಿಮೆ. ರಾತ್ರಿಯೆಲ್ಲ ಹಾಗೇ ಕೂರಬೇಕು. ಉಂಡರೆ ನೋವು ಅಂತ ಊಟ ಬಿಟ್ಟ, ಮೈ ಇಳಿದುಹೋಯಿತು. ಗ್ಯಾಸ್ಟ್ರಿಕ್ ಅಂದರು, ಹುಳ ಅಂದರು. ಹೆಂಡ ಮೂಸಿಯೂ ನೋಡದ ಹುಡುಗನನ್ನು 'ಕುಡೀತೀಯಾ?' ಅಂತ ಎಷ್ಟು ಜನ ಕೇಳಿದರೋ! ಕೊನೆಗೆ ಒಂದು ಸಾದಾ ಎಕ್ಸ್‌ರೇ ಸತ್ಯ ಹೇಳಿತು. ಬೆನ್ನೆಲುಬಿನ ಎರಡೂ ಬದಿಗೆ ಬೆಳ್ಳನೆಯ ಕಲ್ಲುಗಳ ಸಾಲು.

1960ರ ದಶಕದಲ್ಲಿ ಕೇರಳದ ವೈದ್ಯ ಪಿ.ಜೆ. ಗೀವರ್ಗೀಸ್ ಇಂಥ ರೋಗಿಗಳನ್ನು ನೂರಾರು ಸಂಖ್ಯೆಯಲ್ಲಿ ಕಂಡು, ಬರೆದಿಟ್ಟು, ಜಗತ್ತಿನ ಗಮನಕ್ಕೆ ತಂದರು. ಅವರು ಕಂಡ ಹಾದಿ ಕರುಣೆಯಿಲ್ಲದ್ದು: ಬಾಲ್ಯದಲ್ಲಿ ಹೊಟ್ಟೆನೋವು, ಹರೆಯಕ್ಕೆ ಸಕ್ಕರೆ ಕಾಯಿಲೆ, ಬಾಳಿ ಬದುಕಬೇಕಾದ ವಯಸ್ಸಿಗೆ ಸಾವು. ಮರಗೆಣಸಿನ ಮೇಲೆ ಬಹುಕಾಲ ಗುಮಾನಿಯಿತ್ತು, ಸಾಬೀತಾಗಲಿಲ್ಲ. ಆಮೇಲೆ ಹಲವು ರೋಗಿಗಳಲ್ಲಿ ಸ್ಪಿಂಕ್-1 ಎಂಬ ಜೀನಿನ ದೋಷ ಸಿಕ್ಕಿತು. ಜೀರ್ಣರಸ ತನ್ನ ಗ್ರಂಥಿಯನ್ನೇ ಅರಗಿಸಿಬಿಡದಂತೆ ಕಾಯುವ ಕೆಲಸ ಆ ಜೀನಿನದು. ಕಾವಲು ಸಡಿಲವಾದರೆ ಗ್ರಂಥಿ ಒಳಗೊಳಗೇ ಬೇಯುತ್ತದೆ. ನಾಳದಲ್ಲಿ ಪ್ರೋಟೀನ್ ಗಟ್ಟಿಕಟ್ಟುತ್ತದೆ. ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತ ಕೂರುತ್ತ ಕಲ್ಲಾಗುತ್ತದೆ. ಕಲ್ಲಿನ ಹಿಂದೆ ರಸ ಮಡುಗಟ್ಟುತ್ತದೆ, ಒತ್ತಡ ಏರುತ್ತದೆ, ನರಗಳು ಕೆರಳುತ್ತವೆ.

ಈ ಹುಡುಗನಿಗೂ ಮೊದಲು ಎಂಡೋಸ್ಕೋಪಿಯನ್ನೇ ಮಾಡಿದರು. ಹೊರಗಿನಿಂದ ಶಾಕ್‌ವೇವ್ ಕೊಟ್ಟು ಕಲ್ಲು ಪುಡಿ ಮಾಡುವುದು, ಬಾಯಿಂದ ಕೊಳವೆ ಇಳಿಸಿ ಪುಡಿ ತೆಗೆಯುವುದು, ಸ್ಟೆಂಟ್ ಇಡುವುದು. ಇದರಿಂದಲೇ ಗೆದ್ದವರು ಬೇಕಾದಷ್ಟಿದ್ದಾರೆ. ಇವನ ಕಲ್ಲು ಗ್ರಂಥಿಯ ತಲೆಯ ಭಾಗದಲ್ಲಿ ಕಚ್ಚಿಕೊಂಡು ಕೂತಿತ್ತು. ಸ್ಟೆಂಟ್ ಕಟ್ಟಿತು, ಬದಲಿಸಿದರು. ಮತ್ತೆ ಕಟ್ಟಿತು, ಚಳಿಜ್ವರ ಬಂತು, ಮತ್ತೆ ಬದಲಿಸಿದರು. ಮಾತ್ರೆ ಸಾಲದೆ ಇಂಜೆಕ್ಷನ್ ಬಂತು, ಇಂಜೆಕ್ಷನ್ ಇಲ್ಲದೆ ನಿದ್ದೆಯೇ ಇಲ್ಲವಾಯಿತು. ಕೇಳಿದಾಗಲೆಲ್ಲ ಒಂದೇ ಮಾತು: 'ಆಪರೇಷನ್ ಕೊನೆಗಿರಲಿ.'

ಯಾಕೆ ಕೊನೆಗೆ? ನನಗೆ ಸಿಟ್ಟು ಬರುವುದು ಇಲ್ಲಿ. 2007ರಲ್ಲಿ ಆಮ್‌ಸ್ಟರ್‌ಡಾಮಿನ ವೈದ್ಯರು, ನಾಳ ಕಟ್ಟಿಕೊಂಡಿದ್ದ 39 ರೋಗಿಗಳ ಮೇಲೆ ನಡೆಸಿದ ಹೋಲಿಕೆಯನ್ನು ಪ್ರಕಟಿಸಿದರು. ಎರಡು ವರ್ಷದ ಕೊನೆಗೆ ನೋವು ಪೂರ್ತಿಯಾಗಿಯೋ ಭಾಗಶಃವೋ ತಗ್ಗಿದ್ದು ಎಂಡೋಸ್ಕೋಪಿ ಗುಂಪಿನ ಶೇ 32 ಮಂದಿಗೆ, ಆಪರೇಷನ್ ಗುಂಪಿನ ಶೇ 75 ಮಂದಿಗೆ. 2020ರಲ್ಲಿ ನೆದರ್‌ಲೆಂಡ್ಸಿನ 30 ಆಸ್ಪತ್ರೆಗಳ 88 ರೋಗಿಗಳ ಅಧ್ಯಯನ ಬಂತು. ಬೇಗ ಆಪರೇಷನ್ ಮಾಡಿಸಿಕೊಂಡವರ ನೋವೇ ಅದರಲ್ಲೂ ಕಡಿಮೆ. ವರ್ಷಗಟ್ಟಲೆ ನೋವು ತಿಂದ ನರಮಂಡಲ, ಕಲ್ಲು ಹೋದ ಮೇಲೂ ನೋವನ್ನು ಬಿಡದಿರಬಹುದು. ಕಾಯಿಸುವುದು ಜೋಪಾನ ಮಾಡಿದಂತಲ್ಲ.

ಥಿಯೇಟರಿನಲ್ಲಿ ಸಿರಿಂಜು ಕೈಗೆ ಬಂತು. ನಾಳ ಎಲ್ಲಿದೆ? 1642ರಲ್ಲಿ ಇಟಲಿಯ ಪಡುವಾದಲ್ಲಿ ಯೋಹಾನ್ ಗೇಯಾರ್ಗ್ ವಿರ್ಸುಂಗ್ ಮೊದಲ ಬಾರಿಗೆ ಮನುಷ್ಯನಲ್ಲಿ ಈ ನಾಳವನ್ನು ಕಂಡಾಗ ಇದೇನೆಂದು ಅವನಿಗೇ ಬಗೆಹರಿದಿರಲಿಲ್ಲ. ತಾಮ್ರದ ತಗಡಿನಲ್ಲಿ ಕೊರೆಸಿದ ಚಿತ್ರವನ್ನು ದೊಡ್ಡ ದೊಡ್ಡ ಪಂಡಿತರಿಗೆ ಕಳಿಸಿ ಕೇಳಿದ. ಉತ್ತರ ಪಕ್ಕಾ ಆಗುವ ಮೊದಲೇ, ಮರುವರ್ಷ, ಮನೆಯ ಬಳಿ ಗುಂಡೇಟಿಗೆ ಬಲಿಯಾದ. ಅವನು ಕಂಡ ಆ ನಾಳ ಆರೋಗ್ಯವಂತರಲ್ಲಿ ಸುಮಾರು 3 ಮಿಲಿಮೀಟರ್. ಈ ಹುಡುಗನಲ್ಲಿ ಉಬ್ಬಿ 12 ಆಗಿದೆ.

ಸೂಜಿ ಇಳಿಯಿತು. ಏನಿಲ್ಲ. ತುಸು ಮೇಲೆ, ಮತ್ತೊಮ್ಮೆ. ತಿಳಿನೀರು ಸರ್ರನೆ ಸಿರಿಂಜಿಗೆ ನುಗ್ಗಿತು! ಸೂಜಿ ಕದಲಿಸದೆ, ಅದರ ಗುಂಟವೇ ಕಾಟರಿಯಿಂದ ಸೀಳಿದರು. ಬಾಲದ ಕಡೆಗೆ ಸೀಳು ಉದ್ದವಾಯಿತು, ತಲೆಯ ಕಡೆಗೆ ಉದ್ದವಾಯಿತು. ಚಿಮಟಕ್ಕೆ ಮೊದಲ ಕಲ್ಲು ಸಿಕ್ಕಿತು: ಬೆಳ್ಳಗೆ, ಮುಳ್ಳುಮುಳ್ಳಾಗಿ, ಹವಳದ ಚೂರಿನಂತೆ. ಸ್ಟೀಲ್ ಬಟ್ಟಲಿಗೆ ಬಿದ್ದು ಠಣ್ ಎಂದಿತು. ಇನ್ನೊಂದು, ಮತ್ತೊಂದು. ಆದರೆ ದೊಡ್ಡದು ತಲೆಯಲ್ಲಿದೆ, ಅಲುಗಾಡುತ್ತಿಲ್ಲ.

1958ರಲ್ಲಿ ಪ್ಯೂಸ್ಟೋ ಮತ್ತು ಗಿಲ್ಲೆಸ್ಬಿ, 1960ರಲ್ಲಿ ಪಾರ್ಟಿಂಗ್ಟನ್ ಮತ್ತು ರೋಶೆಲ್ ತೋರಿಸಿದ ದಾರಿ ನಾಳವನ್ನು ಉದ್ದಕ್ಕೆ ಸೀಳಿ ಕರುಳಿಗೆ ಜೋಡಿಸುವುದು. ತಲೆಯ ಭಾಗ ಊದಿದ್ದರೆ ಅಷ್ಟು ಸಾಲದು. ಅದನ್ನು ಒಳಗಿನಿಂದ ಕೊರೆದು ತೆಗೆಯಬೇಕು ಎಂದು 1987ರಲ್ಲಿ ಫ್ರೇ ಬರೆದರು. ಈಗ ಮಾಡಬೇಕಾದ್ದು ಅದನ್ನೇ. ಮುಂಭಾಗದ ಧಮನಿಗೆ ಮೊದಲೇ ಹೊಲಿಗೆ ಹಾಕಿದರು. ಚೂರು ಚೂರೇ ಕೊರೆಯುತ್ತ ಹೋದರು, ಹಿಂದಿನ ಗೋಡೆಯನ್ನು ತೆಳ್ಳಗೆ ಉಳಿಸಿಕೊಂಡು. ಅದನ್ನು ದಾಟಿದರೆ ಪೋರ್ಟಲ್ ವೇನ್.

ತಟ್ಟನೆ ಗುಣಿ ಕೆಂಪಾಯಿತು! ಸಕ್ಷನ್ ಸೆಳೆದಷ್ಟೂ ತುಂಬುತ್ತಿದೆ. ಅನಸ್ತೇಶಿಯಾ ವೈದ್ಯರು ರಕ್ತದ ಚೀಲ ತೂಗಹಾಕಿದರು. ಸರ್ಜನ್ ಬೆರಳಿಟ್ಟು ಒತ್ತಿ ಹಿಡಿದರು, ಯಾರೂ ಮಾತಾಡಲಿಲ್ಲ. ಬೆರಳು ಕೂದಲೆಳೆಯಷ್ಟು ಸರಿಯಿತು, ಸೂಜಿ ಹೋಯಿತು, ಗಂಟು ಬಿತ್ತು. ಎರಡನೇ ಗಂಟು. ರಕ್ತ ನಿಂತಿತು. ಆ ತೆರವಿನ ತಳದಲ್ಲಿ ಕಚ್ಚಿ ಕೂತಿದ್ದ ಕಲ್ಲು ಈಗ ಬೆತ್ತಲೆ. ಚಿಮಟ ಹಾಕಿ, ಒಮ್ಮೆ ತಿರುಗಿಸಿ, ಕಿತ್ತರು.

ಉಳಿದದ್ದು ಹೊಲಿಗೆ. ಸಣ್ಣ ಕರುಳಿನ ಒಂದು ತುಂಡನ್ನು ರಕ್ತಸಂಚಾರ ಕೆಡದಂತೆ ಬಿಡಿಸಿ, ಮೇಲೆತ್ತಿ, ಅದರ ಬದಿಯನ್ನು ತೆರೆದ ನಾಳದ ಉದ್ದಕ್ಕೂ ಹೊಲಿದರು. ಇನ್ನು ರಸ ನೇರ ಕರುಳಿಗೆ ಹರಿಯುತ್ತದೆ. ಕರುಳಿನ ಹಾದಿಯನ್ನು ಕೆಳಗೆ ಮತ್ತೆ ಜೋಡಿಸಿ ಹೊಟ್ಟೆ ಮುಚ್ಚಿದರು.

ಹೊಲಿಗೆ ಸೋರಿದರೆ? ದಿನದಿನವೂ ಡ್ರೈನಿನ ನೀರು ಪರೀಕ್ಷೆಗೆ ಹೋಯಿತು. ಸೋರಲಿಲ್ಲ. ಗಾಯದ ಉರಿ ಇತ್ತು, ಬೆನ್ನಿಗೆ ತೂರುವ ಆ ಹಳೆಯ ನೋವು ಇರಲಿಲ್ಲ. ಗಂಜಿ ಕುಡಿದ, ಕಾದ, ಏನೂ ಆಗಲಿಲ್ಲ. ಇನ್ನೊಂದು ಬಟ್ಟಲು ಕೇಳಿದ. ಅಂಗಾತ ಮಲಗಿ ನಿದ್ದೆ ಹೋದ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಿಡುವ ಹಾಗಿಲ್ಲ, ಊಟದ ಜೊತೆ ಜೀರ್ಣರಸದ ಕ್ಯಾಪ್ಸೂಲ್ ನುಂಗಬೇಕು, ಈ ಗ್ರಂಥಿಯಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಳ್ಳುವ ಅಪಾಯ ಹೆಚ್ಚಿರುವುದರಿಂದ ತಪಾಸಣೆ ತಪ್ಪಿಸುವಂತಿಲ್ಲ. ವಾರ್ಡಿನಿಂದಲೇ ಅವನು ತಂಗಿಗೆ ಫೋನ್ ಮಾಡಿದ. ಹದಿನಾಲ್ಕರ ಹುಡುಗಿ, ಉಂಡ ಮೇಲೆ ಹೊಟ್ಟೆ ಹಿಡಿದು ಬಾಗುತ್ತಾಳಂತೆ. 'ಗ್ಯಾಸ್ಟ್ರಿಕ್ ಅಂದ್ರೆ ನಂಬಬೇಡ. ನಾಳೆಯೇ ಅಮ್ಮನ ಜೊತೆ ಹೊರಡು, ಸ್ಕ್ಯಾನ್ ಮಾಡಿಸು.'