ಗರ್ಭಕೋಶ ಉಳಿಯಿತು

ಸೋದರಿಯರೇ, ತಿಂಗಳಿಗೆ 8 ದಿನ ಹೊರಗಾಗಿ, ಹಿಮೋಗ್ಲೋಬಿನ್ 7ಕ್ಕೆ ಇಳಿದು, ಕೊಡ ಎತ್ತಿದರೆ ಕಣ್ಣು ಕತ್ತಲಿಡುವವರು ನಿಮ್ಮಲ್ಲೂ ಇದ್ದೀರಿ. "ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡು" ಅಂದಳು ನನ್ನ ವಾರಗಿತ್ತಿ. ಹಳೇ ಪಾತ್ರೆ ಮಾರಿದ ಹಾಗೆ!

ಸ್ಕ್ಯಾನಿಂಗಿನಲ್ಲಿ ಅಡಿನೋಮಯೋಸಿಸ್ ಎಂದು ಬಂತು. ಗರ್ಭಕೋಶದ ಒಳಪೊರೆಯಂಥದೇ ಪದರ ಅದರ ಸ್ನಾಯುವಿನ ಗೋಡೆಯೊಳಗೆ ಬೆಳೆಯುವುದು. ಮಾತ್ರೆ ಸಾಲಲಿಲ್ಲ. ಬೆಂಗಳೂರಿನ ಡಾಕ್ಟರಮ್ಮ ಮೈಕ್ರೋವೇವ್ ಚಿಕಿತ್ಸೆ ಹೇಳಿದರು. ಸ್ಕ್ಯಾನಿಂಗ್ ನೋಡಿಕೊಂಡೇ ಸೂಜಿ ಚುಚ್ಚಿ, ಕೆಟ್ಟ ಜಾಗವನ್ನಷ್ಟೇ 60 ಡಿಗ್ರಿಗಿಂತ ಹೆಚ್ಚು ಕಾಯಿಸಿ ಸುಟ್ಟುಬಿಡುವುದು. ಸತ್ತ ಭಾಗವನ್ನು ದೇಹವೇ ತಿಂಗಳುಗಟ್ಟಲೆ ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

ನನ್ನ ಹೆದರಿಕೆಯೇ ಬೇರೆ. 43ಕ್ಕೇ ಮುಟ್ಟು ನಿಂತು ಮೈ ಉರಿ, ಮೂಳೆ ಸವೆತ ಶುರುವಾದರೆ? "ಈಸ್ಟ್ರೋಜನ್ ತಯಾರಾಗೋದು ಅಂಡಾಶಯದಲ್ಲಿ ಕಣಮ್ಮ, ಬಿಸಿ ಅಲ್ಲಿಗೆ ಮುಟ್ಟಿಸೋಲ್ಲ" ಎಂದರು. ಮುಟ್ಟು ಈಗಲೂ ಬರುತ್ತೆ, 4 ದಿನ, ಅಷ್ಟೆ. ಆದರೆ ಆ ಈಸ್ಟ್ರೋಜನ್ನೇ ಈ ರೋಗಕ್ಕೆ ಗೊಬ್ಬರವಂತೆ, ಮರಳಿ ಬಂದರೂ ಬರಬಹುದು. ಅದಕ್ಕೇ ಆಗಾಗ ಸ್ಕ್ಯಾನಿಂಗ್.

ಇನ್ನೂ ಮಗು ಬೇಕೆನ್ನುವವರು ಡಾಕ್ಟರಿಗೆ ಮೊದಲೇ ಹೇಳಿ. ಗರ್ಭಕೋಶ ತೆಗೆಸಲೇಬೇಕಾಗಿ ಬಂದವರು "ಅಂಡಾಶಯ ಉಳಿಸ್ತೀರಾ?" ಅಂತ ಬಾಯಿಬಿಟ್ಟು ಕೇಳಿ, ಸಹಿ ಹಾಕೋ ಮೊದಲು.