ಸುಂಡಿಲಿಯ ಮುಖದಲ್ಲಿ ನೋವು

ಶಸ್ತ್ರಚಿಕಿತ್ಸೆಗೆ ಒಳಗಾದ ಸುಂಡಿಲಿಯು ಪಂಜರದ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿದ್ದರೆ ಅದು ಚೇತರಿಸಿಕೊಳ್ಳುತ್ತಿದೆ ಎಂದು ಭಾವಿಸುವುದು ಸುಲಭ. ಆದರೆ ಬೆಕ್ಕು, ಹಾವು, ಗೂಬೆಗಳಿಗೆ ಆಹಾರವಾಗುವ ಈ ಜೀವಿ ತನ್ನ ದೌರ್ಬಲ್ಯವನ್ನು ಮರೆಮಾಚುವ ಸ್ವಭಾವದ್ದಾದ್ದರಿಂದ ಮತ್ತು ರಾತ್ರಿಯಲ್ಲೇ ಹೆಚ್ಚು ಓಡಾಡುವುದರಿಂದ, ಹಗಲಿನ ಒಂದು ನೋಟಕ್ಕೆ ಅದರ ನೋವು ಸಿಕ್ಕುವುದಿಲ್ಲ.

2010ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ಪ್ರಕಟಿಸಿದ ‘ಮೌಸ್ ಗ್ರಿಮೇಸ್ ಸ್ಕೇಲ್’, ಅಂದರೆ ಇಲಿಯ ಮುಖಚಹರೆಯಿಂದ ನೋವನ್ನು ಅಳೆಯುವ ಕ್ರಮ, ಕಣ್ಣು ಕಿರಿದಾಗುವುದು, ಮೂಗು ಉಬ್ಬುವುದು, ಕೆನ್ನೆ ಉಬ್ಬುವುದು, ಕಿವಿಯ ಮತ್ತು ಮೀಸೆಯ ನಿಲುವು ಬದಲಾಗುವುದು ಎಂಬ ಐದು ಲಕ್ಷಣಗಳಿಗೆ 0ಯಿಂದ 2ರವರೆಗೆ ಅಂಕ ಕೊಡುತ್ತದೆ. ತೂಕ ಇಳಿಯುವುದು, ಗೂಡು ಕಟ್ಟುವ ಆಸಕ್ತಿ ಕುಂದುವುದು ಸಹ ಗಮನಿಸಬೇಕಾದ ಸೂಚನೆಗಳೇ.

ಇವೆಲ್ಲಕ್ಕಿಂತ ಯೋಚನೆಗೆ ಹಚ್ಚುವಂಥದ್ದು ಮೊಗಿಲ್ ಅವರ ಪ್ರಯೋಗಾಲಯದಿಂದಲೇ 2014ರಲ್ಲಿ ಹೊರಬಂದ ಸಂಗತಿ: ಹತ್ತಿರದಲ್ಲಿ ಗಂಡಸು ಇದ್ದರೆ, ಅಥವಾ ಅವನು ತೊಟ್ಟು ಬಿಟ್ಟ ಅಂಗಿ ಇದ್ದರೂ ಸಾಕು, ಆ ವಾಸನೆಯಿಂದ ಉಂಟಾಗುವ ಒತ್ತಡವು ಇಲಿಯ ನೋವಿನ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತದೆ, ಹೆಂಗಸಿನ ಉಪಸ್ಥಿತಿಯಲ್ಲಿ ಹೀಗಾಗುವುದಿಲ್ಲ. ನೋಡುವವರ ಇರವೇ ನೋಟದ ಫಲಿತಾಂಶವನ್ನು ಬದಲಿಸಬಲ್ಲದು ಎಂದಾದರೆ, ಆರೋಗ್ಯ ತಪಾಸಣೆಯ ದಾಖಲೆಯಲ್ಲಿ ಇಲಿಯ ಸ್ಥಿತಿಯ ಜೊತೆಗೆ ಅದನ್ನು ನೋಡಿದವರು ಯಾರು ಎಂಬುದೂ ಇರಲೇಬೇಕು. ನೋವು ಕಣ್ಣಿಗೆ ಬೀಳಲಿ ಎಂದು ಕಾಯದೆ ನೋವುನಿವಾರಕವನ್ನು ಮೊದಲೇ ಕೊಡುವುದು ನ್ಯಾಯವೂ ಹೌದು, ಒಳ್ಳೆಯ ವಿಜ್ಞಾನವೂ ಹೌದು. ಪ್ರಯೋಗಾಲಯಗಳಲ್ಲಿ ಪ್ರಾಣಿಗಳ ಆರೈಕೆಗೆ ನಿಂತಿರುವ ಮಿತ್ರರು ಇದನ್ನು ಒಪ್ಪುತ್ತಾರೆಯೇ, ಅವರ ದಾಖಲೆಗಳಲ್ಲಿ ಇಂಥ ವಿವರಕ್ಕೆ ಜಾಗವಿದೆಯೇ?